ಉಳಿಸಿಕೊಂಡು ಬೆಳೆಸುವ ಆದೇಶ: ರೀಡಿಮ್ ಪ್ರಿಸರ್ವ್‌ನ ಬಲಾಬಲ

2014ರ ಫೆಬ್ರುವರಿಯಲ್ಲಿ ಮುಂಬೈಯ ಚೆಂಬೂರಿನಿಂದ ವಡಾಲ ಡಿಪೋವರೆಗೆ ಮೋನೋರೈಲು ಓಡತೊಡಗಿದಾಗ ಮೈಸೂರು ಕಾಲನಿ, ಭಕ್ತಿ ಪಾರ್ಕ್ ಸೇರಿ ನಿಲ್ದಾಣಗಳು 7 ಇದ್ದವು. 2019ರ ಮಾರ್ಚಿನಲ್ಲಿ ಮಾರ್ಗ ಸಂತ ಗಾಡ್ಗೆ ಮಹಾರಾಜ್ ಚೌಕದವರೆಗೆ ಬೆಳೆದು ಅವು 17 ಆದವು. ಈ ಹೆಸರುಗಳನ್ನು ವಿಬಿಸ್ಕ್ರಿಪ್ಟ್ ಎಂಬ ಸ್ಕ್ರಿಪ್ಟ್ ಭಾಷೆಯ ಒಂದು ಅರೇಯಲ್ಲಿ ತುಂಬಿ ನೋಡಿದರೆ ‘ರೀಡಿಮ್ ಪ್ರಿಸರ್ವ್’ ಎಂಬ ಆದೇಶದ ಗುಣದೋಷ ಎರಡೂ ಹೊರಬೀಳುತ್ತವೆ.

ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 7 ಹೆಸರಿಗೆ ಗರಿಷ್ಠ ಸೂಚ್ಯಂಕ 6. ಅದನ್ನು ರೀಡಿಮ್ ಪ್ರಿಸರ್ವ್‌ನಿಂದ 16ಕ್ಕೆ ಏರಿಸಿದರೆ ಚೆಂಬೂರಿನಿಂದ ವಡಾಲ ಡಿಪೋವರೆಗಿನ ಹೆಸರುಗಳು ಇದ್ದಲ್ಲೇ ಇರುತ್ತವೆ, ಬಾಲದಲ್ಲಿ 10 ಖಾಲಿ ಮನೆಗಳು ಸಿಗುತ್ತವೆ. ಇಲ್ಲಿಗೆ ಕೆಲಸ ಅಚ್ಚುಕಟ್ಟು. ಆದರೆ ಪ್ರಿಸರ್ವ್ ಎಂದು ಬರೆಯಲು ಮರೆತರೆ ಎಲ್ಲ ಹೆಸರೂ ಅಳಿಸಿಹೋಗುತ್ತವೆ, ಎಚ್ಚರಿಕೆಯ ಸೊಲ್ಲೂ ಇಲ್ಲ. ಉಳಿಸುವುದಕ್ಕೆ ಬೇರೆ ಪದ ಬೇಕು, ಅಳಿಸುವುದು ತಾನಾಗಿ ನಡೆಯುತ್ತದೆ. ವಿನ್ಯಾಸದ ಮೊದಲ ದೋಷ ಇದೇ.

ಎರಡನೆಯದು ಕೋಷ್ಟಕದಲ್ಲಿ ಕಾಣುತ್ತದೆ. ಮೊದಲ ಆಯಾಮದಲ್ಲಿ ನಿಲ್ದಾಣ, ಎರಡನೆಯದರಲ್ಲಿ ಹೆಸರು ಮತ್ತು ದರ ಎಂದು ಜೋಡಿಸಿದವರು ಹೊಸ ನಿಲ್ದಾಣ ಸೇರಿಸಹೊರಟರೆ ದೋಷ ಸಂಖ್ಯೆ 9 ಎದುರಾಗುತ್ತದೆ. ಪ್ರಿಸರ್ವ್ ಇದ್ದಾಗ ಕೊನೆಯ ಆಯಾಮವನ್ನಷ್ಟೇ ಬದಲಿಸಬಹುದು. ಕಾರಣ ಸ್ಮೃತಿಯ ಜೋಡಣೆಯಲ್ಲಿದೆ: ಮೊದಲ ಸೂಚ್ಯಂಕ ವೇಗವಾಗಿ ಸರಿಯುವುದರಿಂದ ಕೊನೆಯ ಆಯಾಮ ಬೆಳೆದರೆ ಹಳೆಯ ಯಾವ ಅಂಶವೂ ಸ್ಥಾನ ಬದಲಿಸಬೇಕಿಲ್ಲ. ಹಾಗಾಗಿ ನಿಲ್ದಾಣವನ್ನು ಎರಡನೆಯ ಆಯಾಮಕ್ಕೆ ತಂದರೆ ತೊಡಕು ಬಗೆಹರಿಯುತ್ತದೆ. ಇದು ಜಾಣ ಉಪಾಯವೇ, ಆದರೆ ದತ್ತಾಂಶದ ರೂಪವನ್ನು ಆದೇಶವೇ ನಿರ್ಧರಿಸುವಂತಾಯಿತು.

ವೇಗದ ಮಾತು ಬೇರೆ. ಕಡತದ 10,000 ಸಾಲುಗಳನ್ನು ಓದುತ್ತ ಪ್ರತಿ ಸಾಲಿಗೂ ಒಂದೊಂದು ಮನೆ ಸೇರಿಸಿದರೆ, ಪ್ರತಿ ಸಲ ಹಳೆಯದೆಲ್ಲ ನಕಲಾಗುವ ಪಕ್ಷದಲ್ಲಿ ನಕಲುಗಳು ಸುಮಾರು 5 ಕೋಟಿ. ಗಾತ್ರವನ್ನು ಇಮ್ಮಡಿಸುತ್ತ ಹೋದರೆ 16 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಓದು ಮುಗಿದ ಮೇಲೆ ಹೆಚ್ಚುವರಿ ಮನೆಗಳನ್ನು ಕತ್ತರಿಸಬಹುದು. ಕತ್ತರಿಸುವಾಗ ಮಾತ್ರ ಗಾತ್ರ ಸರಿಯಾಗಿ ಎಣಿಸಬೇಕು, ಹೊರಗುಳಿದ ದತ್ತಾಂಶವನ್ನು ಪ್ರಿಸರ್ವ್ ಕೂಡ ಕಾಯುವುದಿಲ್ಲ.

2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟನ್ನು ಕೈಬಿಡುವುದಾಗಿ ಪ್ರಕಟಿಸಿತು. ಹಳೆಯ ಸ್ಕ್ರಿಪ್ಟ್‌ಗಳನ್ನು ಪವರ್‌ಶೆಲ್‌ಗೆ ಒಯ್ಯುವವರು ಅಲ್ಲಿ ಅರೇಗೆ ‘+=’ ಹಾಕಿದರೆ ಬಹುಕಾಲ ಇದೇ ನಕಲಿನ ಹೊರೆ ಹೊರಬೇಕಾಗಿತ್ತು; ಬೆಳೆಯುವ ಪಟ್ಟಿಗೆ ಅಲ್ಲಿನ ಲಿಸ್ಟ್ ಒಳ್ಳೆಯ ಆಯ್ಕೆ.