2150 ಅಡಿಯ ಗೆರೆ

ಹಳೆಯ ರೈಲುದಾರಿಗಳನ್ನು ಉಪಗ್ರಹ ಚಿತ್ರದಲ್ಲೇ ಹುಡುಕುವ ಪಂಥದವರು ಮತ್ತೆ ಕೆಣಕಿದ್ದಾರೆ. ಅವರಲ್ಲೊಬ್ಬರು ಹಳಿ ಕಿತ್ತುಹೋದ ತರೀಕೆರೆ–ನರಸಿಂಹರಾಜಪುರ ರೈಲು ಲೈನನ್ನು ಕುರ್ಚಿ ಬಿಟ್ಟೇಳದೆ ಪರದೆಯ ಮೇಲೆ ಕೆಂಪಗೆ ಗೀಚಿ, ‘ಪತ್ತೆಯಾಯಿತು’ ಎಂದು ಸಾರಿದ್ದಾರೆ. ಆ ಕೆಂಪು ಗೆರೆ ಕಾಡುಗುಡ್ಡವನ್ನು ನೆಟ್ಟಗೆ ಹತ್ತಿ ನೆಟ್ಟಗೆ ಇಳಿಯುತ್ತದೆ. ಎರಡಡಿ ಅಗಲದ ಹಳಿಯ ಪುಟ್ಟ ಎಂಜಿನ್ನನ್ನು ಅಂಥ ಏರು ಹತ್ತಿಸಬೇಕಾದರೆ ಮೈಸೂರು ಸರ್ಕಾರ ಅದಕ್ಕೆ ರೆಕ್ಕೆ ಕಟ್ಟಿಸಿರಬೇಕು!

ಬೀರೂರು–ಶಿವಮೊಗ್ಗ ಮೀಟರ್‌ಗೇಜ್ ಬಂದದ್ದು 1899ರಲ್ಲಿ. ಹಾಗಾಗಿ ರೈಸ್ ಸಾಹೇಬರ 1897ರ ಮೈಸೂರು ಗೆಜೆಟಿಯರ್ ಹಿಡಿದು ಕೂತರೆ ತರೀಕೆರೆಯಲ್ಲಿ ಅದರಿಂದ ಹೊರಡುವ ಈ ಕವಲು ಸಿಗುವ ಮಾತೇ ಇಲ್ಲ. ಎಡೇಹಳ್ಳಿ ನರಸಿಂಹರಾಜಪುರವಾದದ್ದು 1915ರಲ್ಲಿ. ಹಳೆಯ ಹೆಸರೇ ಅಚ್ಚಾಗಿರುವ ಹಾಳೆಯನ್ನು ಮಡಚಿಡಿ. ನಮಗೆ ಬೇಕಾದದ್ದು ಅದಕ್ಕಿಂತ ಈಚಿನ, ಭದ್ರಾ ಅಣೆಕಟ್ಟಿಗಿಂತ ಮುಂಚಿನ ಸರ್ವೆ. ಅಂಗುಲಕ್ಕೆ ಒಂದು ಮೈಲಿಯ ಹಾಳೆ ಸಂಖ್ಯೆ 48 ಓ/14ರಲ್ಲಿ ತರೀಕೆರೆ, 48 ಓ/10ರಲ್ಲಿ ನರಸಿಂಹರಾಜಪುರ. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಮೇಜಿನ ಮೇಲೆ ಹರಡಿ.

ಈಗ ಹಳಿಯನ್ನು ಮರೆತು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳನ್ನು ನೋಡಿ. ಭದ್ರಾ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 2158 ಅಡಿಯಲ್ಲಿ ನಿಲ್ಲುತ್ತದೆ. ಹಾಳೆಯಲ್ಲಿ 50 ಅಡಿಗೊಂದು ಗೆರೆ. 2150ರ ಗೆರೆಯ ಮೇಲೆ ನೀಲಿ ಪೆನ್ಸಿಲ್ ಆಡಿಸಿದರೆ ಇಂದಿನ ಹಿನ್ನೀರಿನ ದಡ ಹೆಚ್ಚುಕಡಿಮೆ ಮೂಡಿಬಿಡುತ್ತದೆ. ದಡದೊಳಗೆ ಬಿದ್ದ ದಾರಿ ನೀರಿನ ಪಾಲು. ಜಲಾಶಯ ತುಂಬಿದ್ದಾಗ ಅಲ್ಲಿ ಉಪಗ್ರಹಕ್ಕೆ ಕಾಣುವುದು ನೀರೊಂದೇ. ತರೀಕೆರೆ ಕಡೆಯಿಂದ ಹೊರಟವರು ಭದ್ರೆಯನ್ನು ದಾಟದೆ ನರಸಿಂಹರಾಜಪುರ ಮುಟ್ಟುವಂತಿಲ್ಲವಾದ್ದರಿಂದ ಹಳಿಗಿಂತ ಮೊದಲು ಹುಡುಕಬೇಕಾದದ್ದು ಸೇತುವೆಯ ಜಾಗ. ಹೊಳೆ ಕಿರಿದಾಗಿ, ಎರಡೂ ದಡದ ಗೆರೆಗಳು ಹತ್ತಿರ ಬರುವ ಕಡೆ ಕಣ್ಣಿಡಿ. ಅದು ಸಿಕ್ಕರೆ ಉಳಿದದ್ದನ್ನು ಎರಡೂ ಕಡೆಯಿಂದ ಹಿಂದಕ್ಕೆ ಓದಿಕೊಂಡು ಬರಬಹುದು.

ತರೀಕೆರೆ ಕಡೆಯ ಬಯಲಿಗೆ ಇಷ್ಟೆಲ್ಲ ಬೇಡ, ಗ್ರಾಮನಕ್ಷೆ ಸಾಕು. ನನ್ನ ಹಳೆಯ ಹಟ ಇದು, ಓದುಗರು ಕ್ಷಮಿಸಬೇಕು: ಹಳಿ ಕಿತ್ತರೂ ಜಮೀನಿನ ಲೆಕ್ಕ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಗದ್ದೆಯ ಗಡಿ ಬದುವಿನ ಜೊತೆ ಹೋಗುತ್ತದೆ, ಬಂಡಿದಾರಿ ಗಡಿಯ ಜೊತೆ ಹೋಗುತ್ತದೆ. ರೈಲಿಗೆ ಈ ಎರಡರ ಹಂಗೂ ಇಲ್ಲ. ನಾಲ್ಕಾರು ಸರ್ವೆ ನಂಬರುಗಳನ್ನು ಸೀಳಿಕೊಂಡು ಒಂದೇ ಅಗಲದ ಪಟ್ಟಿ ಎಲ್ಲೂ ಮೂಲೆ ಮುರಿಯದೆ ನಯವಾಗಿ ಬಾಗಿ ಹೋಗಿದ್ದರೆ ಸರ್ವೆ ನಂಬರುವಾರು ವಿಸ್ತೀರ್ಣದ ಲೆಕ್ಕವಾದ ಆಕಾರಬಂದ್ ತೆಗೆಸಿ, ಸಾಗುವಳಿಗೆ ಸೇರದ ಜಮೀನು ತೋರಿಸುವ ಖರಾಬಿನ ಕಲಂ ನೋಡಿ. ಕಾಡಿನೊಳಗೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಬದುವೂ ಇಲ್ಲ, ಹಿಸ್ಸಾ ಗಡಿಯೂ ಇಲ್ಲ. ಎಂಜಿನ್ನು ಕಡಿದಾದ ಏರು ಹತ್ತದಾದ್ದರಿಂದ ಮತ್ತೆ ಕಾಂಟೂರಿಗೇ ಬರಬೇಕು.

ಕೆಂಪು ಗೆರೆಯವರು ತರೀಕೆರೆ ತಾಲ್ಲೂಕು ಕಚೇರಿಗೆ ಒಂದು ನಕಲು ಅರ್ಜಿ ಹಾಕಿದ ಮೇಲೆ ಬರಲಿ, ಚರ್ಚೆಗೆ ನಾನು ಸಿದ್ಧ.