ಏಳು ತತ್ವಗಳು, ಒಂದು ಕೋಣೆ

ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿಗೆ ಬಹುಬೇಗ ಬಾಯಿಪಾಠವಾಗುವ ಪಟ್ಟಿಯೊಂದಿದೆ. ವ್ಯಕ್ತಿ ವಿಶಿಷ್ಟತೆ, ಭಾವನೆಗಳ ಉದ್ದೇಶಪೂರ್ವಕ ಅಭಿವ್ಯಕ್ತಿ, ಹಿಡಿತವುಳ್ಳ ಭಾವನಾತ್ಮಕ ತೊಡಗುವಿಕೆ, ಸ್ವೀಕಾರ, ತೀರ್ಪು ಕೊಡದ ಮನೋಭಾವ, ಸ್ವನಿರ್ಧಾರ, ಗೌಪ್ಯತೆ. ಈ ಏಳನ್ನು ಕ್ರಮವಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಅವು ಬಂದ ಪುಸ್ತಕವನ್ನು ತೆರೆದು ಓದಿದವರು ಕಡಿಮೆ. ಅದು 1957ರಲ್ಲಿ ಪ್ರಕಟವಾದ 'ದಿ ಕೇಸ್‌ವರ್ಕ್ ರಿಲೇಷನ್‌ಶಿಪ್'. ಬರೆದವರು ಶಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೆಸ್ಯೂಟ್ ಪಾದ್ರಿ ಫೆಲಿಕ್ಸ್ ಬೀಸ್ಟೆಕ್. ವ್ಯಕ್ತಿಗತ ಸಮಾಜಕಾರ್ಯದ ಮೂಲ ಪರಿಕಲ್ಪನೆಗಳನ್ನು ಇಷ್ಟು ಅಡಕವಾಗಿ ಹೇಳಿದ ಪುಸ್ತಕ ಮತ್ತೊಂದು ಸಿಗುವುದು ಕಷ್ಟ. ಅದನ್ನು ಪಟ್ಟಿಯಾಗಿ ಕಲಿಸಿ ನಾವು ಅದರ ಬಲವನ್ನು ಕಳೆದುಕೊಂಡಿದ್ದೇವೆ, ಅದರ ಕೊರತೆಯನ್ನೂ ಕಾಣದೆ ಹೋಗಿದ್ದೇವೆ.

ಮೊದಲು ಬಲದ ಮಾತು. ಬೀಸ್ಟೆಕ್‌ಗಿಂತ ನಲವತ್ತು ವರ್ಷ ಹಿಂದೆ, 1917ರಲ್ಲಿ, ಮೇರಿ ರಿಚ್ಮಂಡ್ 'ಸೋಶಿಯಲ್ ಡಯಾಗ್ನೋಸಿಸ್' ಬರೆದಾಗ ಅವರ ಗಮನ ಹೆಚ್ಚಾಗಿ ಮಾಹಿತಿ ಕಲೆಹಾಕುವುದರ ಮೇಲಿತ್ತು: ಮನೆಯವರು, ನೆರೆಯವರು, ಶಾಲೆ, ವೈದ್ಯರು, ಹೀಗೆ ಎಲ್ಲೆಲ್ಲಿಂದ ಸಾಕ್ಷ್ಯ ತರಬೇಕು, ಅದನ್ನು ಹೇಗೆ ತೂಗಬೇಕು ಎಂಬುದು. ದಾನವನ್ನು ಶಿಸ್ತಿಗೆ ಒಳಪಡಿಸಿದ ದೊಡ್ಡ ಕೆಲಸ ಅದು. ಬೀಸ್ಟೆಕ್ ಇನ್ನೊಂದು ತುದಿಯಿಂದ ಹೊರಟರು. ಕಷ್ಟ ಹೇಳಿಕೊಳ್ಳಲು ಬಂದ ಮನುಷ್ಯನಿಗೆ ಏನು ಬೇಕು? ತನ್ನನ್ನು ಒಂದು ಕೇಸಾಗಿ ಕಾಣದೆ ಒಬ್ಬ ವ್ಯಕ್ತಿಯಾಗಿ ಕಾಣಬೇಕು. ಒಳಗಿನದನ್ನು ಹೊರಗೆ ಹಾಕಲು ಅವಕಾಶ ಬೇಕು. ಹೇಳಿದ್ದಕ್ಕೆ ಮಿಡಿಯುವ ಮನಸ್ಸು ಬೇಕು. ಸೋತಿದ್ದರೂ ತನಗೊಂದು ಬೆಲೆಯಿದೆ ಅನ್ನಿಸಬೇಕು. ತಪ್ಪು ಯಾರದು ಎಂಬ ಪಂಚಾಯಿತಿ ನಡೆಯಬಾರದು. ತನ್ನ ಬದುಕಿನ ತೀರ್ಮಾನ ತನ್ನದಾಗಬೇಕು. ಹೇಳಿದ ಗುಟ್ಟು ಬೀದಿಗೆ ಬರಬಾರದು. ಏಳು ತತ್ವಗಳೂ ಈ ಏಳು ಅಗತ್ಯಗಳಿಂದಲೇ ಹುಟ್ಟಿವೆ. ಪ್ರತಿಯೊಂದೂ ಕಾರ್ಯಕರ್ತರ ಮೇಲೆ ಬಿದ್ದ ಹೊಣೆಯೇ ಹೊರತು ನೆರವು ಬೇಡಿ ಬಂದವರ ಮೇಲೆ ಹೇರಿದ ಷರತ್ತಲ್ಲ. ಪಟ್ಟಿಯನ್ನು ಮಾತ್ರ ಓದಿದವರಿಗೆ ಇದು ಕಾಣುವುದಿಲ್ಲ.

ಸ್ವೀಕಾರದ ಅಧ್ಯಾಯ ಇವತ್ತಿಗೂ ಹೊಸದಾಗಿ ಓದಿಸಿಕೊಳ್ಳುತ್ತದೆ. ಮನುಷ್ಯನನ್ನು ಒಪ್ಪಿಕೊಳ್ಳುವುದು ಬೇರೆ, ಅವನ ನಡತೆಯನ್ನು ಮೆಚ್ಚುವುದು ಬೇರೆ ಎಂದು ಬೀಸ್ಟೆಕ್ ಬಿಡಿಸಿ ಹೇಳುತ್ತಾರೆ. ಹೆಂಡತಿಯನ್ನು ಹೊಡೆಯುವ ಕುಡುಕನ ಎದುರು ಕೂತ ಮದ್ಯವ್ಯಸನ ಚಿಕಿತ್ಸಾ ಕೇಂದ್ರದ ಕಾರ್ಯಕರ್ತೆಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಎರಡೇ ದಾರಿ ಉಳಿಯುತ್ತವೆ. ಒಂದೋ ಬೈಯುವುದು, ಇಲ್ಲವೋ ನುಣುಚಿಕೊಳ್ಳುವುದು. ನಮ್ಮಲ್ಲಿ ಆಪ್ತಸಮಾಲೋಚನೆ ಎಂಬ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ಬುದ್ಧಿವಾದ. ಏಟು ತಿಂದು ಬಂದವಳಿಗೂ 'ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು' ಎಂಬ ಮಾತೇ ಮೊದಲು ಸಿಗುತ್ತದೆ. ಅಂಥ ಕಡೆ ತೀರ್ಪು ಕೊಡದಿರುವುದು, ಸ್ವನಿರ್ಧಾರ ಎಂಬ ತತ್ವಗಳು ಅಮೆರಿಕದ ಸರಕು, ನಮ್ಮ ಕುಟುಂಬ ವ್ಯವಸ್ಥೆಗೆ ಒಗ್ಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಎಲ್ಲರೂ ಸೇರಿ ಒಬ್ಬಳ ಪರವಾಗಿ ತೀರ್ಮಾನ ಮಾಡುವ ಜಾಗದಲ್ಲೇ ಆ ತತ್ವಗಳ ಅಗತ್ಯ ಹೆಚ್ಚು.

ಇನ್ನು ಕೊರತೆ. ಪುಸ್ತಕದ ಉದ್ದಕ್ಕೂ ನಮಗೆ ಕಾಣುವುದು ಒಂದು ಕೋಣೆ, ಎರಡು ಕುರ್ಚಿ, ಇಬ್ಬರು ಮನುಷ್ಯರು. ಬಾಗಿಲಾಚೆಯ ಊರು ಒಳಗೆ ಬರುವುದು ಅಪರೂಪ. ಸ್ವನಿರ್ಧಾರಕ್ಕೆ ಬೀಸ್ಟೆಕ್ ಹಾಕುವ ನಾಲ್ಕು ಮಿತಿಗಳನ್ನು ನೋಡಿ: ನೆರವು ಬೇಡಿದವರ ನಿರ್ಧರಿಸುವ ಸಾಮರ್ಥ್ಯ, ನಾಗರಿಕ ಕಾನೂನು, ನೈತಿಕ ನಿಯಮ, ಸಂಸ್ಥೆಯ ಕಾರ್ಯವ್ಯಾಪ್ತಿ. ಬಡತನ ಈ ಪಟ್ಟಿಯಲ್ಲಿಲ್ಲ. ಕೈಯಲ್ಲಿ ಕಾಸಿಲ್ಲದವಳಿಗೆ, ತವರಿನ ಬಾಗಿಲು ಮುಚ್ಚಿದವಳಿಗೆ 'ನಿನ್ನ ನಿರ್ಧಾರ ನಿನ್ನದು' ಎಂದರೆ ಅದು ಗೌರವವಲ್ಲ, ಕೈಬಿಡುವುದು. ನೈತಿಕ ನಿಯಮವನ್ನು ಕ್ಯಾಥೊಲಿಕ್ ಪಾದ್ರಿಯೊಬ್ಬರು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಇಟ್ಟುಬಿಡುತ್ತಾರೆ. ಯಾರ ನೀತಿ, ಅದನ್ನು ಯಾರು ಹೇಳುವವರು ಎಂದು ಕೇಳುವುದಿಲ್ಲ. ಸಂಸ್ಥೆಯ ಕಾರ್ಯವ್ಯಾಪ್ತಿಯೇ ಅನ್ಯಾಯವಾಗಿದ್ದರೆ ಕಾರ್ಯಕರ್ತರು ಏನು ಮಾಡಬೇಕು ಎಂಬ ಪ್ರಶ್ನೆಗೂ ಅಲ್ಲಿ ತೃಪ್ತಿಕರ ಉತ್ತರವಿಲ್ಲ.

ವ್ಯಕ್ತಿ ವಿಶಿಷ್ಟತೆಗೂ ಇದೇ ಮಾತು. ನಮ್ಮ ಹಳ್ಳಿಗಳಲ್ಲಿ ಗೃಹಭೇಟಿಗೆ ಹೋದ ಕಾರ್ಯಕರ್ತರು ಬಾಯಿ ತೆರೆಯುವ ಮೊದಲೇ ಅವರ ಜಾತಿ ಮಾತಾಡಿರುತ್ತದೆ. ಜಗುಲಿಯಲ್ಲಿ ಕೂತರೋ ನಿಂತೇ ಮಾತಾಡಿದರೋ, ಕೊಟ್ಟ ನೀರು ಕುಡಿದರೋ 'ಈಗಷ್ಟೇ ಆಯಿತು' ಅಂದರೋ ಎಂಬುದರಲ್ಲೇ ಸ್ವೀಕಾರದ ಪರೀಕ್ಷೆ ಮುಗಿದುಹೋಗುತ್ತದೆ. ನಂತರ ಎಷ್ಟು ಮೃದುವಾಗಿ ಮಾತಾಡಿದರೂ ಅದನ್ನು ತಿದ್ದಲಾಗದು. ಎದುರಿನವರನ್ನು ಅನನ್ಯ ವ್ಯಕ್ತಿಯಾಗಿ ಕಾಣಬೇಕಾದರೆ, ಅವರು ಹೊತ್ತು ಬಂದ ಸಾಮಾಜಿಕ ಭಾರವನ್ನೂ ತನ್ನ ಸ್ಥಾನವನ್ನೂ ಕಾರ್ಯಕರ್ತರು ಮೊದಲು ಕಾಣಬೇಕು.

ಗೌಪ್ಯತೆಯಂತೂ ಇನ್ನೂ ತೊಡಕಿನದು. ಅದು ನಿರಪೇಕ್ಷ ಹಕ್ಕಲ್ಲ ಎಂದು ಬೀಸ್ಟೆಕ್ ಹೇಳಿದ್ದಾರೆ. ಆದರೆ ನಮ್ಮ ಕಾನೂನು ಇಂದು ಅದಕ್ಕಿಂತ ಬಹಳ ಮುಂದೆ ಹೋಗಿದೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆಯಿದೆ. ಹದಿನಾರರ ಹುಡುಗಿ ನಂಬಿ ಹೇಳಿಕೊಂಡ ಮೇಲೆ 'ಇದನ್ನು ಸ್ಟೇಷನ್‌ಗೆ ಹೇಳಬೇಕಾಗುತ್ತದೆ' ಅಂದರೆ ನಂಬಿಕೆ ಅಲ್ಲೇ ಮುರಿಯುತ್ತದೆ. ಆದ್ದರಿಂದ ಗೌಪ್ಯತೆಯ ಗಡಿ ಎಲ್ಲಿದೆ ಎಂಬುದನ್ನು ಕೇಳುವ ಮೊದಲೇ, ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಇದು ತತ್ವದ ಅಪವಾದವಲ್ಲ, ತತ್ವದ ಮೊದಲ ಹೆಜ್ಜೆ. ಇನ್ನು ಅತ್ತೆ, ನಾದಿನಿ, ಪಕ್ಕದ ಮನೆಯವರು ಸುತ್ತ ನಿಂತಿರುವ ಪಡಸಾಲೆಯಲ್ಲಿ ಗುಟ್ಟು ಕಾಯುವುದು ಹೇಗೆ ಎಂಬುದನ್ನು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಆ ಅರಿವು ಪಠ್ಯಕ್ಕೆ ಬರಬೇಕು.

ಬೀಸ್ಟೆಕ್ ಬಿಟ್ಟ ಈ ಬಾಗಿಲಾಚೆಯ ಅರ್ಧ ಅವರ ಊರಿನಲ್ಲೇ ಇತ್ತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ತೆರೆದ ಹಲ್ ಹೌಸ್ ಅದೇ ಶಿಕಾಗೊದ್ದು. ವಲಸಿಗರ ಕೇರಿಯಲ್ಲೇ ಮನೆಮಾಡಿ, ಅವರ ಕೂಲಿ, ವಸತಿಗಳ ಲೆಕ್ಕ ತೆಗೆದು 1895ರಲ್ಲಿ ನಕಾಶೆಗಳೊಂದಿಗೆ ಪ್ರಕಟಿಸಿದರು. ಬೀದಿಯ ಕಸ ಎತ್ತುತ್ತಿಲ್ಲವೆಂದು ಆಡಮ್ಸ್ ತಾವೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದರು. ಭಾರತದ ಮೊದಲ ಸಮಾಜಕಾರ್ಯ ಶಾಲೆ, ಅಂದರೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾದದ್ದು, ಮೂಡಿದ್ದೂ ಈ ಕೇರಿಯ ಪರಂಪರೆಯಿಂದಲೇ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದಕ್ಕೂ ಮುಂಚೆ ನಾಗಪಾಡಾದ ಬಡವರ ನಡುವೆ ನೆಬರ್‌ಹುಡ್ ಹೌಸ್ ಕಟ್ಟಿದವರು. ಕನ್ನಡದಲ್ಲಿ ಸಮಾಜಕಾರ್ಯ ಸಾಹಿತ್ಯವನ್ನು ಬೆಳೆಸಿದ ಪ್ರೊ. ಎಚ್.ಎಂ. ಮರುಳಸಿದ್ಧಯ್ಯ ಕೂಡ ತರಗತಿಯಿಂದ ಹಳ್ಳಿಗೆ ಹೊರಟು 'ಪಂಚಮುಖಿ ಅಭ್ಯುದಯ ಮಾರ್ಗ' ರೂಪಿಸಿದರು. ಕೋಣೆ ಮತ್ತು ಕೇರಿ ಎರಡೂ ನಮ್ಮ ಪರಂಪರೆಯಲ್ಲೇ ಇವೆ. ಪಠ್ಯಕ್ರಮ ಮಾತ್ರ ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಎಂದು ಬೇರೆಬೇರೆ ಪತ್ರಿಕೆ ಮಾಡಿ ಅವುಗಳ ನಡುವೆ ಗೋಡೆ ಎಬ್ಬಿಸಿದೆ.

ಗೋಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 1989ರ ಹೊತ್ತಿಗೆ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದ ಮಹಿಳಾ ಸಮಖ್ಯಾ ಸಂಘಗಳಲ್ಲಿ ಒಬ್ಬಳ ಕಷ್ಟ ಎಲ್ಲರ ನಡುವೆ ಬಂದು ಕೂರುತ್ತಿತ್ತು. ಒಂಟಿಯಾಗಿ 'ನನ್ನಿಂದಾಗದು' ಎಂದವಳು, ಹಿಂದೆ ಸಂಘ ನಿಂತಿದೆ ಎಂದಾಗ ಪಂಚಾಯಿತಿ ಕಟ್ಟೆ ಹತ್ತಿ ಮಾತಾಡಬಲ್ಲಳು. ಸ್ವನಿರ್ಧಾರ ಒಬ್ಬರ ತಲೆಯೊಳಗಿನ ಸಾಮರ್ಥ್ಯ ಮಾತ್ರವಲ್ಲ, ಬೆನ್ನಿಗೆ ಯಾರಿದ್ದಾರೆ ಎಂಬುದರಿಂದಲೂ ಅದು ಬೆಳೆಯುತ್ತದೆ. ಕಾನೂನೂ ಅದನ್ನು ಗಟ್ಟಿಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮುಂದೆ ಕಾಯಿಲೆ ಬಿದ್ದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕು ಕೊಟ್ಟಿದೆ. ತನ್ನ ಪರ ಮಾತಾಡುವವರನ್ನು ತಾನೇ ಹೆಸರಿಸುವ ಹಕ್ಕೂ ಅದರಲ್ಲಿದೆ. ಇಂಥ ಹಕ್ಕಿದೆಯೆಂದು ರೋಗಿಗೆ, ಮನೆಯವರಿಗೆ ತಿಳಿಹೇಳುವುದೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಸ್ವನಿರ್ಧಾರದ ಕೆಲಸವೇ.

ಹಾಗಾಗಿ ಬೀಸ್ಟೆಕ್ ಪುಸ್ತಕವನ್ನು ಬದಿಗಿಡಬೇಕಿಲ್ಲ, ಪೂರ್ತಿ ಓದಬೇಕು. ಅದರ ಏಳು ತತ್ವಗಳನ್ನು ಫೀಲ್ಡ್ ವರ್ಕ್‌ನಲ್ಲಿ ಹೀಗೆ ಪರೀಕ್ಷೆಗೆ ಒಡ್ಡಬಹುದು: ಮೊದಲ ಭೇಟಿಯ ದಿನ ಆ ವ್ಯಕ್ತಿಯ ಮುಂದೆ ಯಾವ ಯಾವ ದಾರಿಗಳಿದ್ದವು, ಕೇಸು ಮುಗಿಸುವ ದಿನ ಯಾವ ಯಾವುವು ಹೆಚ್ಚಿದವು ಎಂದು ವಿದ್ಯಾರ್ಥಿ ದಾಖಲೆಯಲ್ಲಿ ಬರೆಯಲಿ. ಒಂದು ದಾರಿಯೂ ಹೆಚ್ಚದೆ ಉಳಿದಿದ್ದರೆ, ಸ್ವನಿರ್ಧಾರವನ್ನು ಗೌರವಿಸಲಾಯಿತು ಎಂಬ ಸಾಲನ್ನು ಆ ದಾಖಲೆಯಲ್ಲಿ ಬರೆಯಲು ಮೇಲ್ವಿಚಾರಕರು ಒಪ್ಪಬಾರದು.