ಆಟದ ಹುಚ್ಚು, ಮನಸ್ಸಿನ ಬೇನೆ: ಎರಡು ಕೃತಿಗಳ ಓದು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಫುಟ್‌ಬಾಲಿನ ಮಾತೇಕೆ ಎಂದು ಓದುಗ ಬಾಂಧವರು ಕೇಳಿದರೆ ಆ ಪ್ರಶ್ನೆ ಸಹಜವೇ. ಆದರೆ ನಾವು ಬದುಕು ಕಟ್ಟಿಕೊಂಡಿರುವುದು ಗೋಮಂತಕದ ನೆಲದಲ್ಲಿ. 1883ರಲ್ಲಿ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿಗಳು ಸಿಯೋಲಿಮ್‌ನಲ್ಲಿ ಪರಿಚಯಿಸಿದರೆನ್ನಲಾದ ಈ ಆಟವನ್ನು 2012ರಲ್ಲಿ ಸರಕಾರವೇ ರಾಜ್ಯದ ಕ್ರೀಡೆಯೆಂದು ಘೋಷಿಸಿತು. ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ನಮ್ಮ ತರುಣರಲ್ಲಿ ಅನೇಕರು ಊರಿನಲ್ಲಿ ಕುಸ್ತಿ, ಕಬಡ್ಡಿಗಳನ್ನು ನೋಡಿ ಬೆಳೆದವರು. ಇಲ್ಲಿಗೆ ಬಂದ ಮೇಲೆ ಅವರೇ ಎಫ್‌ಸಿ ಗೋವಾದ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮಡಗಾಂವದ ಫಾತೋರ್ಡಾ ಕ್ರೀಡಾಂಗಣಕ್ಕೆ ಹೊರಡುತ್ತಾರೆ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು ತಂಡವು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಗೋವಾವನ್ನು ಸೋಲಿಸಿದಾಗ ನಾವು ಹಿಗ್ಗಬೇಕೋ ಕುಗ್ಗಬೇಕೋ ಎಂಬುದು ಎಷ್ಟೋ ಕನ್ನಡ ಮನೆಗಳಲ್ಲಿ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು.

ಇಂಥ ತರುಣನನ್ನು ಕುರಿತು ನಾವು ನಗುತ್ತ ಹೇಳುವ ಮಾತೊಂದಿದೆ: 'ಅವನಿಗೆ ಫುಟ್‌ಬಾಲ್ ಹುಚ್ಚು.' ಅದೇ ಮನೆಯಲ್ಲಿ ಇನ್ನೊಬ್ಬರು ತಿಂಗಳುಗಟ್ಟಲೆ ಮಾತು ಬಿಟ್ಟು, ಊಟ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅದೇ ಮಾತನ್ನು ಪಿಸುದನಿಯಲ್ಲಿ ಆಡುತ್ತೇವೆ; ಇಲ್ಲವೇ ಆಡುವುದೇ ಇಲ್ಲ. ಒಂದೇ ಶಬ್ದವು ಒಂದು ಕಡೆ ಮೆಚ್ಚುಗೆಯಾಗಿ, ಇನ್ನೊಂದು ಕಡೆ ಕಳಂಕವಾಗಿ ಬಳಕೆಯಲ್ಲಿದೆ. ಈ ಎರಡು ಅರ್ಥಗಳ ನಡುವಿನ ದಾರಿಯನ್ನು ತೋರಿಸುವ ಎರಡು ಇಂಗ್ಲಿಷ್ ಪುಸ್ತಕಗಳನ್ನು ಜೊತೆಯಾಗಿ ಓದುವ ಪ್ರಯತ್ನ ಈ ಲೇಖನದ್ದು. ಮೊದಲನೆಯದು ನಿಕ್ ಹಾರ್ನ್‌ಬಿಯವರ 'ಫೀವರ್ ಪಿಚ್' (1992). ಎರಡನೆಯದು ಜರ್ಮನ್ ಭಾಷೆಯಿಂದ ಅನುವಾದಗೊಂಡ, ರೊನಾಲ್ಡ್ ರೆಂಗ್ ಅವರ 'ಎ ಲೈಫ್ ಟೂ ಶಾರ್ಟ್'. ಎರಡೂ ತಮ್ಮ ತಮ್ಮ ಕಾಲದಲ್ಲಿ, 1992ರಲ್ಲಿ ಮತ್ತು 2011ರಲ್ಲಿ, ಬ್ರಿಟನ್ನಿನ ಪ್ರಸಿದ್ಧ ವಿಲಿಯಂ ಹಿಲ್ ಕ್ರೀಡಾ ಪುಸ್ತಕ ಪ್ರಶಸ್ತಿಯನ್ನು ಪಡೆದವು. ಮೊದಲನೆಯದು ಗ್ಯಾಲರಿಯಲ್ಲಿ ಕುಳಿತವನ ಕಥೆ; ಎರಡನೆಯದು ಗೋಲಿನ ಮುಂದೆ ನಿಂತವನ ಕಥೆ.

ಹಾರ್ನ್‌ಬಿ ಹನ್ನೊಂದು ವರ್ಷದ ಬಾಲಕನಾಗಿದ್ದಾಗ, ತಂದೆತಾಯಿಯರು ಬೇರೆಯಾದ ಕಾಲದಲ್ಲಿ, ತಂದೆಯೊಡನೆ ಲಂಡನ್ನಿನ ಆರ್ಸೆನಲ್ ತಂಡದ ಪಂದ್ಯಕ್ಕೆ ಹೋದರು. ಅದು 1968ರ ಸೆಪ್ಟೆಂಬರ್. ಮಾತಿಗೆ ವಿಷಯವೇ ಇಲ್ಲದಂತಾಗಿದ್ದ ತಂದೆಮಕ್ಕಳಿಗೆ ಆ ಆಟ ಮಾತಾಡಲು ಒಂದು ವಿಷಯವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಪುಸ್ತಕದ ಪ್ರತಿಯೊಂದು ಅಧ್ಯಾಯವೂ ಒಂದು ಪಂದ್ಯದ ತಾರೀಖಿನಿಂದ ಮೊದಲಾಗುತ್ತದೆ. ಆದರೆ ಪಂದ್ಯದ ವರದಿಯೆಂದು ಓದತೊಡಗಿದವನಿಗೆ ಸಿಗುವುದು ಒಬ್ಬ ಒಂಟಿ ಮನುಷ್ಯನ ಆತ್ಮಕಥೆ. 1980ರ ದಶಕದ ಬಹುಭಾಗವನ್ನು ಈ ಲೇಖಕರು ಖಿನ್ನತೆಯಲ್ಲಿ ಕಳೆದರು, ಮನೋಚಿಕಿತ್ಸೆಯನ್ನೂ ಪಡೆದರು. ಅದನ್ನು ಅವರು ಮುಚ್ಚಿಡುವುದಿಲ್ಲ, ದೊಡ್ಡದು ಮಾಡಿ ಸಾರುವುದೂ ಇಲ್ಲ. ತನ್ನ ಹುಚ್ಚನ್ನು ಕುರಿತು ತಾನೇ ನಗಬಲ್ಲ ಈ ಗುಣವೇ ಕೃತಿಯ ಮೊದಲ ಶಕ್ತಿಯೆಂದು ನಮ್ಮ ಅಭಿಪ್ರಾಯ.

ಕೃತಿಯ ಎರಡನೆಯ ಶಕ್ತಿಯು ಅಭಿಮಾನದ ಸ್ವರೂಪವನ್ನು ಕುರಿತ ಅದರ ಸತ್ಯನಿಷ್ಠೆ. ಅಭಿಮಾನಿಗೆ ಸಿಗುವುದು ಬಹುಮಟ್ಟಿಗೆ ಸುಖವಲ್ಲವೆಂದು ಹಾರ್ನ್‌ಬಿ ಬಲ್ಲರು. ಚಳಿಯಲ್ಲಿ ನಿಂತು, ನೀರಸವಾದ ಆಟವನ್ನು ನೋಡಿ, ಸೋತು, ಬೈದುಕೊಂಡು ಮನೆಗೆ ಮರಳಿದರೂ ಮುಂದಿನ ವಾರ ಮತ್ತೆ ಹೋಗಲೇಬೇಕು. ಆರ್ಸೆನಲ್ ತಂಡವು ಹದಿನೆಂಟು ವರ್ಷಗಳ ನಂತರ, 1989ರ ಮೇ 26ರಂದು, ಕೊನೆಯ ಗಳಿಗೆಯ ಗೋಲಿನಿಂದ ಲೀಗ್ ಪ್ರಶಸ್ತಿಯನ್ನು ಗೆದ್ದುದರ ವರ್ಣನೆಗೆ ಬೆಲೆ ಬರುವುದು ಆ ಹದಿನೆಂಟು ವರ್ಷಗಳ ಕಾಯುವಿಕೆಯಿಂದ.

ಆದರೂ ವಿಮರ್ಶಕನು ಒಂದು ಕಡೆ ನಿಂತು ಪ್ರಶ್ನೆ ಕೇಳಲೇಬೇಕು. 1987ರ ಮಾರ್ಚಿನ ಒಂದು ರಾತ್ರಿ ಎದುರಾಳಿ ಟಾಟನ್‌ಹ್ಯಾಮ್ ತಂಡದ ಮೇಲೆ ಆರ್ಸೆನಲ್ ಗಳಿಸಿದ ವಿಜಯದೊಡನೆ ತಮ್ಮ ಖಿನ್ನತೆಯೂ ಹೊರಡತೊಡಗಿತೆಂಬ ಅರ್ಥದಲ್ಲಿ ಹಾರ್ನ್‌ಬಿ ಬರೆಯುತ್ತಾರೆ. ಕಥನದ ದೃಷ್ಟಿಯಿಂದ ಅದು ರಮ್ಯವಾದ ತಿರುವು. ಆದರೆ ಅದನ್ನೇ ಸೂತ್ರವೆಂದು ತಿಳಿದರೆ ಅಪಾಯ. ಆ ರಾತ್ರಿಗೆ ಮುಂಚೆ ಚಿಕಿತ್ಸಕರ ಮುಂದೆ ಕುಳಿತು ಮಾತಾಡಿದ ಗಂಟೆಗಳಿದ್ದವು. ಬರೆಯುವ ಕೆಲಸ ಕೈಹಿಡಿಯುವುದೆಂಬ ಆಸೆಯಿತ್ತು, ಗೆಳೆಯರಿದ್ದರು. ಗೋಲು ಬಿದ್ದ ಕ್ಷಣ ಕಣ್ಣಿಗೆ ಕಾಣುತ್ತದೆ. ಚಿಕಿತ್ಸೆಯ ತಿಂಗಳುಗಳು ಕಾಣುವುದಿಲ್ಲ. ಹರಕೆ ಹೊತ್ತ ಮರುವಾರವೇ ಜ್ವರ ಬಿಟ್ಟರೆ ದೇವರನ್ನು ಮಾತ್ರ ನೆನೆದು, ಕೊಟ್ಟ ಔಷಧವನ್ನು ಮರೆಯುವುದು ನಮ್ಮಲ್ಲೂ ಇರುವ ರೂಢಿಯೇ. ಪಂದ್ಯ ನೋಡುವುದರಿಂದ ಮನಸ್ಸಿನ ಬೇನೆ ವಾಸಿಯಾಗುವುದೆಂದು ಈ ಪುಸ್ತಕವನ್ನು ಓದಿದ ತರುಣನು ತಿಳಿಯಬಾರದು.

ಹಾಗಾದರೆ ಅಭಿಮಾನದಿಂದ ರೋಗಿಗೆ ಏನೂ ಉಪಯೋಗವಿಲ್ಲವೇ? ಇದಕ್ಕೆ ಉತ್ತರವು ನಮ್ಮ ಗೋವೆಯಲ್ಲೇ ದೊರೆತಿದೆ. 1996ರಲ್ಲಿ ಇಲ್ಲಿ ಆರಂಭವಾದ 'ಸಂಗಾತ್' ಎಂಬ ಸಂಸ್ಥೆಯು ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಖಿನ್ನತೆಗೆ ಆಪ್ತಸಲಹೆ ಕೊಡಿಸುವ ವಿಧಾನವನ್ನು ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿತು. ಫಲಿತಾಂಶವು 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಈ ಸಲಹೆ ಪಡೆದವರಲ್ಲಿ ಶೇಕಡಾ 64ರಷ್ಟು ಜನರು ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ ಶೇಕಡಾ 39ರಷ್ಟು. ವಿಧಾನದ ತಿರುಳು ಸರಳವಾದದ್ದು: ಮನಸ್ಸು ಸರಿಹೋದ ಮೇಲೆ ಎದ್ದೇನು ಎಂದು ಕಾಯದೆ, ಮೊದಲು ಎದ್ದು ಒಂದು ಸಣ್ಣ ಕೆಲಸ ಮಾಡಬೇಕು, ನಾಲ್ಕು ಜನರನ್ನು ಕಾಣಬೇಕು; ಮನಸ್ಸು ಅದರ ಹಿಂದೆ ಮೆಲ್ಲನೆ ಬರುತ್ತದೆ. ಈ ಬೆಳಕಿನಲ್ಲಿ 'ಫೀವರ್ ಪಿಚ್' ಕೃತಿಯನ್ನು ಮತ್ತೊಮ್ಮೆ ಓದಿದರೆ ಹಾರ್ನ್‌ಬಿಯವರನ್ನು ಕಾಪಾಡಿದ್ದು ಒಂದು ರಾತ್ರಿಯ ವಿಜಯವಲ್ಲ, ಸೋಲಲಿ ಗೆಲ್ಲಲಿ ಪ್ರತಿವಾರ ಮನೆಯಿಂದ ಹೊರಡಲೇಬೇಕಾಗಿದ್ದ ಕಟ್ಟುಪಾಡು ಎಂದು ತೋರುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಆರೋಗ್ಯ ಕೇಂದ್ರದ ಸಲಹೆಗಾರರು ಮುಂದಿನ ಭೇಟಿಯಲ್ಲಿ 'ಈ ವಾರ ಹೇಗಿದ್ದಿರಿ?' ಎಂದು ಕೇಳುತ್ತಾರೆ. ಗ್ಯಾಲರಿಯಲ್ಲಿ ಪಕ್ಕದವನು ಕೇಳುವುದು ಗೋಲು ಎಷ್ಟಾಯಿತೆಂದು.

ಎರಡನೆಯ ಪುಸ್ತಕ ಹೆಚ್ಚು ಭಾರವಾದದ್ದು. ರಾಬರ್ಟ್ ಎಂಕೆ ಜರ್ಮನಿಯ ಗೋಲ್‌ಕೀಪರ್; ಲಿಸ್ಬನ್ನಿನ ಬೆನ್‌ಫಿಕಾ, ಬಾರ್ಸಿಲೋನಾ ಮೊದಲಾದ ಹೆಸರಾಂತ ತಂಡಗಳಿಗೆ ಆಡಿದವರು. 2003ರಲ್ಲಿ ಇಸ್ತಾಂಬುಲಿನ ಫೆನರ್‌ಬಾಚೆ ತಂಡಕ್ಕೆ ಆಡಿದ ಒಂದೇ ಪಂದ್ಯದಲ್ಲಿ ಮೂರು ಗೋಲುಗಳಿಂದ ಸೋತಾಗ ಸ್ವಂತ ತಂಡದ ಅಭಿಮಾನಿಗಳೇ ಅವರತ್ತ ಬಾಟಲಿಗಳನ್ನು ಎಸೆದರು. ಆ ವರ್ಷ ಅವರನ್ನು ಖಿನ್ನತೆ ಆವರಿಸಿತು. 2006ರಲ್ಲಿ ಹೃದಯದ ತೊಂದರೆಯಿದ್ದ ಎಳೆಯ ಮಗಳು ತೀರಿಕೊಂಡಳು. 2009ರಲ್ಲಿ ಖಿನ್ನತೆ ಮರುಕಳಿಸಿತು. ಆ ವರ್ಷದ ನವೆಂಬರ್ 10ರಂದು, 32ನೆಯ ವಯಸ್ಸಿನಲ್ಲಿ, ಅವರು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು.

ರೆಂಗ್ ಅವರು ಎಂಕೆಯವರ ಗೆಳೆಯರು. ಇಬ್ಬರೂ ಕೂಡಿ ಬರೆಯಬೇಕೆಂದಿದ್ದ ಪುಸ್ತಕವನ್ನು ಅವರು ಒಬ್ಬರೇ ಬರೆಯಬೇಕಾಯಿತು. ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವ ಒಪ್ಪಂದಗಳ ವಿವರಗಳು ಯುರೋಪಿನ ಆಟವನ್ನು ಅರಿಯದ ನಮ್ಮ ಓದುಗರಿಗೆ ದೀರ್ಘವೆನಿಸಬಹುದು. ಆದರೆ ಲೇಖಕರು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ, ಸಾವಿಗೆ ಒಂದೇ ಕಾರಣವನ್ನು ಹುಡುಕುವುದಿಲ್ಲ. ಖಿನ್ನತೆಯನ್ನು ದೌರ್ಬಲ್ಯವೆಂದಾಗಲಿ, ವಿಧಿಯೆಂದಾಗಲಿ ಬಣ್ಣಿಸದೆ ರೋಗವೆಂದೇ ಬರೆಯುತ್ತಾರೆ. ಈ ಸಂಯಮದಿಂದಾಗಿ ಪುಸ್ತಕಕ್ಕೆ ಒಂದು ಘನತೆ ಬಂದಿದೆ.

ಪುಸ್ತಕದ ಅಂತ್ಯವನ್ನು ಮಾತ್ರ ನೆನಪಿಟ್ಟುಕೊಳ್ಳುವ ಓದುಗನು 'ದೊಡ್ಡ ವೈದ್ಯರಿದ್ದೂ ಉಳಿಯಲಿಲ್ಲವಲ್ಲ' ಎಂದು ನಿಟ್ಟುಸಿರಿಡುತ್ತಾನೆ. ಅದು ಅರ್ಧ ಓದು. 2003ರ ಖಿನ್ನತೆಗೆ ಎಂಕೆ ಚಿಕಿತ್ಸೆ ಪಡೆದರು, ಚೇತರಿಸಿಕೊಂಡರು, ಹ್ಯಾನೋವರ್ ತಂಡದ ಆಧಾರವಾದರು, ತಮ್ಮ ದೇಶದ ತಂಡಕ್ಕೂ ಆಡಿದರು. ಅಂದರೆ ಚಿಕಿತ್ಸೆ ಫಲ ಕೊಟ್ಟಿತ್ತು. ಎರಡನೆಯ ಸಲ ಗುಟ್ಟು ಅಡ್ಡ ಬಂತು. ಸುದ್ದಿ ಹೊರಬಿದ್ದರೆ ಆಟವೂ ಹೋದೀತು, ದತ್ತು ಪಡೆದ ಮಗುವನ್ನೂ ಕಿತ್ತುಕೊಂಡಾರು ಎಂಬ ಭಯದಿಂದ ಅವರು ಆಸ್ಪತ್ರೆಗೆ ಸೇರಲು ಒಪ್ಪಲಿಲ್ಲ. ಹೊರಗೆ ಹೇಳಿದ್ದು ಸೋಂಕಿನ ಕಾಯಿಲೆಯೆಂದು. ಅವರು ತೀರಿಕೊಂಡ ಐದು ದಿನಗಳ ಮೇಲೆ ಹ್ಯಾನೋವರ್ ಕ್ರೀಡಾಂಗಣದಲ್ಲಿ ಸುಮಾರು 40,000 ಜನರು ಸೇರಿ ಕಣ್ಣೀರಿಟ್ಟರು. ಅಷ್ಟು ಪ್ರೀತಿ ಅಲ್ಲಿತ್ತು. ಬೇನೆಯ ಹೆಸರು ಹೇಳಿದರೂ ಅದು ಉಳಿಯುವುದೆಂಬ ನಂಬಿಕೆ ಬದುಕಿದ್ದಾಗ ಅವರಿಗೆ ಇರಲಿಲ್ಲ. 2010ರಲ್ಲಿ ಅವರ ಹೆಸರಿನಲ್ಲಿ ಸ್ಥಾಪನೆಯಾದ ಪ್ರತಿಷ್ಠಾನವು ಖಿನ್ನತೆಯ ಬಗೆಗೆ ತಿಳಿವಳಿಕೆ ಮೂಡಿಸುವ ಕೆಲಸ ಮಾಡುತ್ತಿದೆ.

ಸೋತವನೊಡನೆ ನಿಲ್ಲುವುದು ಎಷ್ಟು ಕಷ್ಟವೆಂಬುದಕ್ಕೆ ದೂರದ ನಿದರ್ಶನ ಬೇಡ. 2015ರ ಡಿಸೆಂಬರ್ 20ರಂದು ಫಾತೋರ್ಡಾದಲ್ಲಿ ಚೆನ್ನೈಯಿನ್ ತಂಡದ ವಿರುದ್ಧದ ಅಂತಿಮ ಪಂದ್ಯದಲ್ಲಿ ಗೋವಾ 2-1ರಿಂದ ಮುಂದಿತ್ತು. 90ನೆಯ ನಿಮಿಷದಲ್ಲಿ ಚೆಂಡು ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿಯವರಿಂದಲೇ ಸ್ವಂತ ಗೋಲಿನೊಳಗೆ ಸೇರಿತು. ಮರುಗಳಿಗೆಯಲ್ಲಿ ಇನ್ನೊಂದು ಗೋಲು ಬಿದ್ದು ಪಂದ್ಯ ಕೈಬಿಟ್ಟಿತು. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರನ್ನು ಓದಿದ ನಮಗೆ ಆ ಅಡ್ಡಹೆಸರು ಕಿವಿಗೆ ಹತ್ತಿರದ್ದು. 2022ರ ಮಾರ್ಚ್ 20ರಂದು ಅದೇ ಕ್ರೀಡಾಂಗಣದಲ್ಲಿ ಹೈದರಾಬಾದ್ ತಂಡದ ಪರವಾಗಿ ಅದೇ ಕಟ್ಟಿಮನಿಯವರು ಮೂರು ಪೆನಾಲ್ಟಿಗಳನ್ನು ತಡೆದು ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಇದು ರೋಗದ ಕಥೆಯಲ್ಲ, ಆಟದ ಕಥೆ. ಆದರೆ ಒಬ್ಬ ಮನುಷ್ಯನನ್ನು ಅವನ ಅತ್ಯಂತ ಕೆಟ್ಟ ಗಳಿಗೆಯಿಂದಲೇ ಅಳೆದು ಮುಗಿಸಬಾರದೆಂಬ ಪಾಠ ಎರಡಕ್ಕೂ ಸಲ್ಲುತ್ತದೆ.

ಮನಸ್ಸಿನ ಬೇನೆಯನ್ನು ಕುರಿತು ಬರೆಯುವುದು ಕನ್ನಡಕ್ಕೆ ಹೊಸದಲ್ಲ. 'ಕೊರವಂಜಿ' ಹಾಸ್ಯಪತ್ರಿಕೆಯನ್ನು 1942ರಲ್ಲಿ ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನೋವಿಜ್ಞಾನವನ್ನು ಕುರಿತ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕಗಳು ಅನೇಕ. ತಿಳಿವಳಿಕೆಯ ಸಾಹಿತ್ಯ ನಮ್ಮಲ್ಲಿದೆ. ಆದರೆ ಬೇನೆಯನ್ನು ಉಂಡವರೇ, ಅವರ ಮನೆಯವರೇ, ಹಾರ್ನ್‌ಬಿಯವರಂತೆ ನಗುತ್ತಲೋ ರೆಂಗ್ ಅವರಂತೆ ಗೆಳೆತನದಿಂದಲೋ ಬರೆದ ಅನುಭವ ಕಥನಗಳು ನಮಗೆ ಇನ್ನಷ್ಟು ಬೇಕಾಗಿವೆ.

ಹೊರನಾಡಿನಲ್ಲಿರುವ ನಮಗಂತೂ ಇದು ಜೀವನದ ಪ್ರಶ್ನೆ. ಮುರಿದ ಕಾಲನ್ನು ತೋರಿಸಲು ಭಾಷೆ ಬೇಕಿಲ್ಲ. ಮುರಿದ ಮನಸ್ಸನ್ನು ತೋರಿಸಲು ಮಾತೊಂದೇ ಸಾಧನ. ಕೊಂಕಣಿಯಲ್ಲಿ ತರಕಾರಿ ಕೊಳ್ಳಬಲ್ಲ, ಹಿಂದಿಯಲ್ಲಿ ಕೂಲಿ ಕೇಳಬಲ್ಲ ನಮ್ಮ ತಾಯಂದಿರಿಗೆ ತಮ್ಮ ಎದೆಯ ಸಂಕಟ ಬರುವುದು ಕನ್ನಡದಲ್ಲೇ. ಬಾಂಬೋಳಿಯಲ್ಲಿ ಮನೋರೋಗ ಚಿಕಿತ್ಸೆಯ ಸರಕಾರಿ ಸಂಸ್ಥೆಯಿದೆ. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತಿದೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಎರಡು ಮಾತು ತಿಳಿಸಿ ಹೇಳುವ ಒಬ್ಬಿಬ್ಬರನ್ನು ನಮ್ಮ ಸಂಘವು ಗೊತ್ತುಮಾಡಿದರೆ ಅದೂ ಕನ್ನಡದ ಸೇವೆಯೇ ಆದೀತು.

ಮನಸ್ಸಿನ ಬೇನೆಯ ಚಿಕಿತ್ಸೆ ಒಂದು ದಿನದ ಅಂತಿಮ ಪಂದ್ಯವಲ್ಲ, ವರ್ಷವಿಡೀ ನಡೆಯುವ ಲೀಗ್ ಇದ್ದಂತೆ. ಗೆದ್ದ ವಾರಗಳಿರುತ್ತವೆ, ಸೋತ ವಾರಗಳಿರುತ್ತವೆ. ಗುಣವಾಯಿತೆಂದು ಗುಳಿಗೆಯನ್ನು ತಾನಾಗಿ ನಿಲ್ಲಿಸದೆ, ಮರುಕಳಿಸಿತೆಂದು ಕೈಚೆಲ್ಲದೆ ಜೊತೆಯಲ್ಲಿ ಇರುವವರು ಬೇಕು. ಸೋತ ತಂಡವನ್ನು ಬಿಡದೆ ಮುಂದಿನ ವಾರವೂ ಫಾತೋರ್ಡಾಕ್ಕೆ ಹೋಗುವ ನಮ್ಮ ತರುಣರಿಗೆ ಈ ನಿಷ್ಠೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅದನ್ನು ಅವರು ಮನೆಯೊಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರ ಕಡೆಗೂ ತಿರುಗಿಸಲಿ. ಈ ಎರಡು ಪುಸ್ತಕಗಳಿಗೆ ಒಳ್ಳೆಯ ಕನ್ನಡ ಅನುವಾದಗಳು ದೊರೆತು, ನಮ್ಮ ಸಂಘದ ಕಪಾಟಿನಲ್ಲಿ ಮನೆಮಂದಿಯ ಕೈಗೆಟಕುವಂತಾಗಲಿ ಎಂದು ಹಾರೈಸುತ್ತೇವೆ.